ಹೊಟ್ಟೆಯ ಸೋಂಕು, ಹೃದಯದ ರೋಗ: ನಂಟು ಎಷ್ಟು ನಿಜ?

ಹೊಟ್ಟೆಯಲ್ಲಿರೋ ಒಂದು ಬ್ಯಾಕ್ಟೀರಿಯಾದಿಂದ ಹೃದಯರೋಗ ಬರಬಹುದೇ ಅನ್ನೋದು ಇವತ್ತು ನಾನು ಎತ್ತಿಕೊಂಡಿರೋ ಪ್ರಶ್ನೆ. ಆ ಬ್ಯಾಕ್ಟೀರಿಯಾದ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ಜಠರದ ಹುಣ್ಣಿಗೆ ಇದು ದೊಡ್ಡ ಕಾರಣ ಅಂತ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ತೋರಿಸಿಕೊಟ್ಟರು. 2005ರಲ್ಲಿ ಅವರಿಗೆ ನೊಬೆಲ್ ಬಂತು. ಚಿಂತೆ, ಖಾರ ತಿಂದದ್ದು ಅಂತಿದ್ದ ಹುಣ್ಣಿಗೇ ಸೋಂಕು ಕಾರಣವಾದರೆ, ಹೃದಯರೋಗಕ್ಕೂ ಯಾಕಾಗಬಾರದು? ಹೀಗೆ ಹುಡುಕಾಟ ಶುರುವಾಯಿತು.

1994ರಲ್ಲಿ ಲಂಡನ್ನಿನ ಒಂದು ಅಧ್ಯಯನ ಎಲ್ಲರ ಗಮನ ಸೆಳೆಯಿತು. ಹೃದಯರೋಗವಿದ್ದ 111 ಗಂಡಸರಲ್ಲಿ ಶೇ. 59 ಜನರ ರಕ್ತದಲ್ಲಿ ಈ ಸೋಂಕಿನ ಗುರುತು ಸಿಕ್ಕಿತು. ರೋಗವಿಲ್ಲದ 74 ಜನರಲ್ಲಿ ಅದು ಶೇ. 39 ಮಾತ್ರ. ಇದಕ್ಕೆ ವಿವರಣೆಯೂ ಹೊಂದುತ್ತಿತ್ತು. ಚಿಕಿತ್ಸೆ ಮಾಡದಿದ್ದರೆ ಈ ಸೋಂಕು ದಶಕಗಟ್ಟಲೆ ಉಳಿದು, ಜಠರದಲ್ಲಿ ಸದಾ ಉರಿಯೂತ ಇರುತ್ತದೆ. ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕಟ್ಟುವುದರಲ್ಲೂ ಉರಿಯೂತದ ಪಾತ್ರವಿದೆ.

ಆದರೆ ಇಲ್ಲೊಂದು ತೊಡಕಿದೆ ನೋಡ್ರಿ. ಈ ಸೋಂಕು ಸಾಮಾನ್ಯವಾಗಿ ತಗಲುವುದು ಬಾಲ್ಯದಲ್ಲಿ, ಮನೆಯವರಿಂದಲೇ. ಇಕ್ಕಟ್ಟಾದ ಮನೆ, ಬಡತನ ಇದ್ದಲ್ಲಿ ಹೆಚ್ಚು. ಬ್ರಿಟನ್ನಿನಂಥ ದೇಶದಲ್ಲಿ ಬಡವರಿಗೆ ಹೃದಯರೋಗವೂ ಹೆಚ್ಚು. ಹಂಗಾದ್ರ ತಪ್ಪು ಬ್ಯಾಕ್ಟೀರಿಯಾದ್ದೋ, ಬಡತನದ್ದೋ?

ಇದನ್ನು ಬಿಡಿಸಲು ಬ್ರಿಟನ್ನಿನ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಬಹಳ ಮೆಚ್ಚುಗೆಯಾದದ್ದು. ಮೊದಲು, ಐವತ್ತರೊಳಗೆ ಹೃದಯಾಘಾತವಾಗಿ ಬದುಕುಳಿದ 1,122 ಜನರನ್ನು ಅದೇ ವಯಸ್ಸಿನ ಬೇರೆ 1,122 ಜನರೊಂದಿಗೆ ಹೋಲಿಸಿದರು. ಸೋಂಕಿನ ಗುರುತು ಶೇ. 42 ಮತ್ತು ಶೇ. 24, ದೊಡ್ಡ ಅಂತರವೇ. ಆಮೇಲೆ ಒಡಹುಟ್ಟಿದವರ 510 ಜೋಡಿಗಳನ್ನು ತೆಗೆದುಕೊಂಡರು. ಒಬ್ಬರಿಗೆ ಹೃದಯಾಘಾತ ಆಗಿದೆ, ಇನ್ನೊಬ್ಬರಿಗಿಲ್ಲ. ಇಬ್ಬರೂ ಬೆಳೆದದ್ದು ಒಂದೇ ಮನೆಯಲ್ಲಿ. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಸೋಂಕಿದ್ದ ಜೋಡಿಗಳು 158. ಅವುಗಳಲ್ಲಿ 91ರಲ್ಲಿ ಸೋಂಕಿದ್ದದ್ದು ರೋಗಿಗೆ, 67ರಲ್ಲಿ ಆರೋಗ್ಯವಂತರಿಗೆ. ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದು. ಅಂದ್ರೆ ಬಾಲ್ಯದ ಮನೆಯನ್ನು ಸಮ ಮಾಡಿದ ಕೂಡಲೇ ನಂಟು ಸಡಿಲವಾಯಿತು. ಪೂರ್ತಿ ಸುಳ್ಳು ಅಂತಲ್ಲ. ಕಾರಣ ಅಂತ ಹೇಳುವಷ್ಟು ಗಟ್ಟಿಯಾಗಿಲ್ಲ.

ಗಟ್ಟಿಯಾದ ನಂಟು ಸಿಗೋದು ಬೇರೆ ದಾರಿಯಲ್ಲಿ: ಔಷಧದಲ್ಲಿ. ಹೃದಯರೋಗಿಗಳಲ್ಲಿ ಬಹಳ ಜನ ದಿನಾ ಆಸ್ಪಿರಿನ್ ನುಂಗುತ್ತಾರೆ. ಆಸ್ಪಿರಿನ್ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ, ಜಠರದ ಒಳಪದರವನ್ನೂ ದುರ್ಬಲಗೊಳಿಸುತ್ತದೆ. ಜೊತೆಗೆ ಈ ಸೋಂಕೂ ಇದ್ದರೆ ಹುಣ್ಣಾಗಿ ರಕ್ತ ಸೋರಬಹುದು. 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ ಆಸ್ಪಿರಿನ್ ತೆಗೆದುಕೊಳ್ಳುವ, ಸೋಂಕಿದ್ದ 5,300ಕ್ಕೂ ಹೆಚ್ಚು ಹಿರಿಯರಿದ್ದರು. ಸೋಂಕಿಗೆ ಚಿಕಿತ್ಸೆ ಪಡೆದವರಲ್ಲಿ ಮೊದಲ ಎರಡೂವರೆ ವರ್ಷದಲ್ಲಿ ಹುಣ್ಣಿನ ರಕ್ತಸ್ರಾವದಿಂದ ಆಸ್ಪತ್ರೆ ಸೇರಿದ್ದು 6 ಜನ. ಹುಸಿಮಾತ್ರೆ ಪಡೆದವರಲ್ಲಿ 17. ಆ ಅವಧಿಯ ನಂತರ ಈ ಲಾಭ ಉಳಿಯಲಿಲ್ಲ.

ಹಾಗಾಗಿ ಸೋಂಕಿನ ವರದಿ ಬಂತು ಅಂತ ಹೃದಯಕ್ಕಾಗಿ ಆ್ಯಂಟಿಬಯೋಟಿಕ್ ನುಂಗಬೇಕಿಲ್ಲ. ಆಸ್ಪಿರಿನ್ ತೆಗೆದುಕೊಳ್ಳುವವರಿಗೆ ಹಿಂದೆ ಹುಣ್ಣಾಗಿದ್ದರೆ, ಅಥವಾ ಮಲ ಕಪ್ಪಗಾದರೆ, ಡಾಕ್ಟರಿಗೆ ಹೇಳಲೇಬೇಕು. ತಾವಾಗಿಯೇ ಆಸ್ಪಿರಿನ್ ಬಿಡಬಾರದು.

ಕೊನೆಗೆ ಒಂದು ಮಾತು. ಹೊಟ್ಟೆಯ ಆಮ್ಲ ಮೇಲೆ ಬಂದರೆ ನಾವು ಅದನ್ನ 'ಎದಿ ಉರಿ' ಅಂತೀವಿ. ನಿಜವಾಗಿ ಹೃದಯ ನೊಂದಾಗ 'ಪಿತ್ತ ಆಗ್ಯದ' ಅಂತ ಸೋಡಾ ಕುಡಿದು ಮಲಗ್ತೀವಿ. ಎದೆ ಬಿಗಿದು, ಬೆವರಿ, ನೋವು ತೋಳಿಗೋ ದವಡೆಗೋ ಇಳಿದರೆ ಅದನ್ನು ಹೊಟ್ಟೆಯ ಲೆಕ್ಕಕ್ಕೆ ಹಾಕಬ್ಯಾಡ್ರಿ, ತಕ್ಷಣ ಆಸ್ಪತ್ರೆಗೆ ಹೋಗ್ರಿ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು.