ಹಿಮದ ಬಿಡಾರದಲ್ಲಿ ಹಗೆ ಯಾರು?

ದಕ್ಷಿಣ ಧ್ರುವಪ್ರದೇಶದ ಹಿಮರಾಶಿಯ ನಡುವೆ ಒಂದು ಬಿಡಾರ. ಅದರಲ್ಲಿ 37 ಮಂದಿ ಗಂಡಸರು. ಅಮೆರಿಕದ ಜಾನ್ ಕ್ಯಾಂಪ್‌ಬೆಲ್ಲನು ಡಾನ್ ಸ್ಟುವರ್ಟ್ ಎಂಬ ಕಾವ್ಯನಾಮದಿಂದ 1938ರಲ್ಲಿ ಪ್ರಕಟಿಸಿದ ‘ಹೂ ಗೋಸ್ ದೇರ್?’ ಎಂಬ ನೀಳ್ಗತೆಯ ರಂಗಸ್ಥಳವಿದು.

ಮಂಜಿನಡಿಯಿಂದ ಅಗೆದು ತೆಗೆದ ಅನ್ಯಲೋಕದ ಜೀವಿಯೊಂದು ಎಚ್ಚರಗೊಳ್ಳುತ್ತದೆ. ನುಂಗಿದ ಪ್ರಾಣಿಯ ರೂಪವನ್ನಷ್ಟೇ ಅಲ್ಲ, ನೆನಪು ನಡತೆಗಳನ್ನೂ ಅದು ತಾಳಬಲ್ಲುದು. ಅಂದಿನಿಂದ ಒಂದೇ ಪಂಕ್ತಿಯಲ್ಲಿ ಉಂಡವರು ಒಬ್ಬರ ಮುಖವನ್ನೊಬ್ಬರು ಅಳುಕಿ ನೋಡತೊಡಗುತ್ತಾರೆ. ಬಿಡಾರದ ಹಸುಗಳೂ ನಿಜವಾದ ಹಸುಗಳಲ್ಲವೆಂದು ತಿಳಿದಾಗ, ಕುಡಿದ ಹಾಲಿನ ನೆನಪೇ ಭಯಂಕರವಾಗುತ್ತದೆ!

ಪಿಡುಗು ಹೊರಜಗತ್ತಿಗೆ ಹಬ್ಬದಿರಲೆಂದು ಜೀವವಿಜ್ಞಾನಿ ಬ್ಲೇರ್ ವಾಹನಗಳನ್ನು ಕೆಡಿಸುತ್ತಾನೆ. ಅವನನ್ನು ಹುಚ್ಚನೆಂದು ಬೇರೊಂದು ಕೊಟ್ಟಡಿಯಲ್ಲಿ ಕೂಡಿಹಾಕುತ್ತಾರೆ. ಒಂಟಿಯಾಗಿ ಬಿಟ್ಟದ್ದೇ ಅನರ್ಥವಾಯಿತೆಂಬುದು ಕೊನೆಗೆ ತಿಳಿಯುವ ಮಾತು. ರಕ್ತಪರೀಕ್ಷೆಯಿಂದ ಸಂಶಯವು ನಾಯಕ ಗ್ಯಾರಿ, ವೈದ್ಯ ಕಾಪರ್ ಇಬ್ಬರ ಮೇಲೂ ಬೀಳಲು, ಗ್ಯಾರಿ ತಾನಾಗಿಯೇ ಅಧಿಕಾರವನ್ನು ಮ್ಯಾಕ್‌ರೆಡಿಗೆ ಒಪ್ಪಿಸುತ್ತಾನೆ. ಕಥೆಯ ಜಾಣ್ಮೆಯೆಲ್ಲ ಮ್ಯಾಕ್‌ರೆಡಿಯ ಉಪಾಯದಲ್ಲಿದೆ. ಆ ಜೀವಿಯ ರಕ್ತದ ಒಂದೊಂದು ಹನಿಯೂ ಸ್ವತಂತ್ರ ಪ್ರಾಣಿ. ಕಾದ ತಂತಿಯನ್ನು ಕಂಡರೆ ತಾನು ಉಳಿದರೆ ಸಾಕೆಂದು ತಪ್ಪಿಸಿಕೊಳ್ಳುತ್ತದೆ. ಒಡಲಿಗಾಗಿ ಸುಟ್ಟುಕೊಳ್ಳುವ ನಿಷ್ಠೆ ಅದಕ್ಕಿಲ್ಲ. ಹಗೆಯನ್ನು ಹಿಡಿದುಕೊಟ್ಟದ್ದು ಅದರದೇ ಸ್ವಾರ್ಥ.

1951ರಲ್ಲಿ ಇದು ಚಲನಚಿತ್ರವಾದಾಗ ರೂಪ ಬದಲಿಸುವ ಅಂಶವನ್ನೇ ಕೈಬಿಟ್ಟರು. ಶತ್ರು ಕಣ್ಣಿಗೆ ಕಾಣುವುದರಿಂದ ಅಲ್ಲಿ ಹೆಚ್ಚುಕಡಿಮೆ ಎಲ್ಲರೂ ಸೈನಿಕರೊಡನೆ ಒಂದಾಗುತ್ತಾರೆ. ವಿಜ್ಞಾನಿ ಕ್ಯಾರಿಂಗ್‌ಟನ್ ಮಾತ್ರ ಜೀವಿಯನ್ನು ಉಳಿಸಬೇಕೆನ್ನುತ್ತಾನೆ. ಚಿತ್ರ ರಂಜಕವೇನೋ ಹೌದು, ಆದರೆ ಮೂಲದ ನಡುಕ ಅದರಲ್ಲಿಲ್ಲ. 1982ರಲ್ಲಿ ಜಾನ್ ಕಾರ್ಪೆಂಟರ್ ಆ ಸಂಶಯವನ್ನು ಮರಳಿ ತಂದನು. ಅವನ ಚಿತ್ರದ ಕೊನೆಯಲ್ಲಿ, ಉರಿಯುತ್ತಿರುವ ಬಿಡಾರದ ಬಳಿ ಇಬ್ಬರೇ ಉಳಿದಿರುತ್ತಾರೆ. ಒಬ್ಬರನ್ನೊಬ್ಬರು ನಂಬಿಲ್ಲ; ಆದರೂ ಒಂದೇ ಸೀಸೆಯ ಮದ್ಯವನ್ನು ಹಂಚಿಕೊಳ್ಳುತ್ತಾರೆ.