ಕೀ-ವ್ಯಾಲ್ಯೂ ಡೇಟಾಬೇಸ್‌ಗೆ ಇಂಡೆಕ್ಸ್ ಏಕೆ ಬೇಕು? ವೇಗಕ್ಕೆ ತೆರಬೇಕಾದ ಬೆಲೆ ಏನು?

ಆನ್‌ಲೈನ್‌ ಖರೀದಿಯ ಆರ್ಡರ್ ಸಂಖ್ಯೆ ಕೊಟ್ಟರೆ ವಿವರ ಕ್ಷಣಾರ್ಧದಲ್ಲಿ ತೆರೆಯ ಮೇಲೆ ಬರುತ್ತದೆ. ಸಂಖ್ಯೆ ಮರೆತು ಮೊಬೈಲ್ ನಂಬರ್ ಕೊಟ್ಟರೆ? ಅಷ್ಟೇ ಬೇಗ ಸಿಗುತ್ತದೆಯೇ ಎಂಬುದು ಡೇಟಾಬೇಸ್‌ನಲ್ಲಿರುವ ಇಂಡೆಕ್ಸ್ ಮೇಲೆ ನಿಂತಿದೆ.

ರಸೀದಿ ಇದ್ದರೆ ಸಲೀಸು

ಕೀ-ವ್ಯಾಲ್ಯೂ ಡೇಟಾಬೇಸ್ ಎಂದರೆ ರೈಲು ನಿಲ್ದಾಣದ ಕ್ಲೋಕ್ ರೂಮ್ ಇದ್ದಂತೆ. ರಸೀದಿ ಸಂಖ್ಯೆ ಹೇಳಿದರೆ ಸಿಬ್ಬಂದಿ ನೇರವಾಗಿ ಬ್ಯಾಗ್ ತಂದುಕೊಡುತ್ತಾರೆ. ಇಲ್ಲಿ ಸಂಖ್ಯೆಯೇ 'ಕೀ', ಬ್ಯಾಗ್ 'ವ್ಯಾಲ್ಯೂ'. ಒಳಗೇನಿದೆ ಎಂಬುದು ಅವರಿಗೆ ಬೇಕಿಲ್ಲ. ಆದರೆ ರಸೀದಿ ಇಲ್ಲದೆ 'ನೀಲಿ ಬ್ಯಾಗ್ ಕೊಡಿ' ಎಂದರೆ ಪ್ರತಿ ಕಪಾಟನ್ನೂ ತಡಕಬೇಕು. ಡೇಟಾಬೇಸ್‌ನಲ್ಲಿ ಇದನ್ನು 'ಫುಲ್ ಸ್ಕ್ಯಾನ್' ಎನ್ನುತ್ತಾರೆ. ಕೋಟಿಗಟ್ಟಲೆ ದಾಖಲೆಗಳಿದ್ದರೆ ಸಮಯವೂ ಹಣವೂ ಪೋಲು.

ಎರಡನೇ ರಿಜಿಸ್ಟರ್

ಇದಕ್ಕೆ ಪರಿಹಾರವೇ ಸೆಕೆಂಡರಿ ಇಂಡೆಕ್ಸ್. ಯಾವ ಮೊಬೈಲ್ ನಂಬರ್‌ಗೆ ಯಾವ ಆರ್ಡರ್‌ಗಳು ಸೇರಿವೆ ಎಂದು ಬರೆದಿಡುವ ಇನ್ನೊಂದು ರಿಜಿಸ್ಟರ್ ಇದು. ಅಮೆಜಾನ್ 2012ರಲ್ಲಿ ಡೈನಮೋಡಿಬಿ ಆರಂಭಿಸಿ, 2013ರಲ್ಲಿ 'ಲೋಕಲ್' ಮತ್ತು 'ಗ್ಲೋಬಲ್' ಇಂಡೆಕ್ಸ್‌ಗಳನ್ನು ಸೇರಿಸಿತು. ಲೋಕಲ್ ಇಂಡೆಕ್ಸ್‌ನಲ್ಲಿ ಮೂಲ ಪಾರ್ಟಿಷನ್ ಕೀ ಹಾಗೆಯೇ ಉಳಿದು, ವಿಂಗಡಣೆಯ ಕ್ರಮ ಮಾತ್ರ ಬದಲಾಗುತ್ತದೆ. ಇದನ್ನು ಟೇಬಲ್ ರಚಿಸುವಾಗಲೇ ಹೇಳಬೇಕು. ಗ್ಲೋಬಲ್ ಇಂಡೆಕ್ಸ್‌ಗೆ ಬೇರೆಯದೇ ಕೀ ಇರಬಹುದು, ನಂತರವೂ ಸೇರಿಸಬಹುದು.

ಎಚ್ಚರ ಎಲ್ಲಿರಬೇಕು?

ಇಂಡೆಕ್ಸ್ ಪುಕ್ಕಟೆಯಲ್ಲ. ಅದರಲ್ಲಿರುವ ಮಾಹಿತಿ ಬದಲಾದಾಗಲೆಲ್ಲ ಎರಡು ಕಡೆ ಬರೆಯಬೇಕು, ಜಾಗವೂ ಹೆಚ್ಚು ಬೇಕು. ಅದಕ್ಕಿಂತ ಮುಖ್ಯವಾಗಿ, ಡೈನಮೋಡಿಬಿಯ ಗ್ಲೋಬಲ್ ಇಂಡೆಕ್ಸ್ ಮೂಲ ಟೇಬಲ್‌ಗಿಂತ ಕ್ಷಣಕಾಲ ಹಿಂದೆ ಬೀಳಬಹುದು. ಹಣ ಕಟ್ಟಿದ ತಕ್ಷಣ ಗ್ರಾಹಕರು ನೋಡಿದಾಗ ಆರ್ಡರ್ ಕಾಣದಿದ್ದರೆ, ಗಾಬರಿಯಿಂದ ಮತ್ತೊಮ್ಮೆ ಹಣ ಕಟ್ಟುವ ಅಪಾಯವಿದೆ. ಆದ್ದರಿಂದ ಪಾವತಿಯ ಸ್ಥಿತಿಯನ್ನು ಮೂಲ ಕೀಯಿಂದಲೇ, 'ಸ್ಟ್ರಾಂಗ್ ರೀಡ್' ಮೂಲಕ ಪರಿಶೀಲಿಸುವುದು ಕ್ಷೇಮ.

ರೆಡಿಸ್‌ನ ಮೂಲ ಕೀ-ವ್ಯಾಲ್ಯೂ ವ್ಯವಸ್ಥೆಯಲ್ಲಿ ಇಂಡೆಕ್ಸ್ ತಾನಾಗಿಯೇ ಸೃಷ್ಟಿಯಾಗುವುದಿಲ್ಲ. ಡೆವಲಪರ್‌ಗಳೇ 'ಸೆಟ್' ಅಥವಾ 'ಸಾರ್ಟೆಡ್ ಸೆಟ್' ಬಳಸಿ ಕಟ್ಟಿಕೊಳ್ಳುವುದು ರೂಢಿ. ದಾಖಲೆ ಬರೆದ ಮೇಲೆ ಇಂಡೆಕ್ಸ್ ಬರೆಯುವ ಮೊದಲೇ ಆ್ಯಪ್ ನಿಂತುಹೋದರೆ, ಮಾಹಿತಿ ಇದ್ದೂ ಹುಡುಕಾಟದಲ್ಲಿ ಸಿಗುವುದಿಲ್ಲ. ಹಾಗಾಗಿ 'ಮಲ್ಟಿ' ಮತ್ತು 'ಎಕ್ಸೆಕ್' ಆದೇಶಗಳ ನಡುವೆ ಎರಡನ್ನೂ ಒಟ್ಟಿಗೆ ಕಳುಹಿಸಬೇಕು.

ಎಷ್ಟು ಇಂಡೆಕ್ಸ್ ಬೇಕು?

ಬಳಕೆದಾರರು ಯಾವ ಮಾಹಿತಿ ಕೊಟ್ಟು ಹುಡುಕುತ್ತಾರೆ ಎಂಬುದನ್ನು ಮೊದಲು ಪಟ್ಟಿ ಮಾಡಿ. ದಿನವೂ ನಡೆಯುವ ಹುಡುಕಾಟಕ್ಕೆ ಇಂಡೆಕ್ಸ್ ಇರಲಿ. ವರ್ಷಕ್ಕೊಮ್ಮೆ ಬೇಕಾಗುವ ವರದಿಗೆ ಸ್ಕ್ಯಾನ್ ಸಾಕು.