ಟಿಎಸ್‌ಎಚ್ ಕಡಿಮೆಯಿದ್ದರೂ ಮಾತ್ರೆ ಇಳಿಸುವುದಿಲ್ಲವೇಕೆ?

ಪ್ರಶ್ನೆ: ಪ್ಯಾಪಿಲರಿ ಕ್ಯಾನ್ಸರ್‌ಗಾಗಿ ಅಮ್ಮನ ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ತೆಗೆದಿದ್ದಾರೆ. ಟಿಎಸ್‌ಎಚ್ ಮಾಮೂಲಿಗಿಂತ ಕಡಿಮೆ ಬಂದರೂ ವೈದ್ಯರು ಮಾತ್ರೆ ಇಳಿಸಲಿಲ್ಲ. ಏಕೆ?

ಉತ್ತರ: ಗಾಬರಿ ಬೇಡ, ಬಹುಶಃ ಬೇಕೆಂದೇ ಹಾಗೆ ಇಟ್ಟಿದ್ದಾರೆ. ಪಿಟ್ಯುಟರಿ ಗ್ರಂಥಿ ಸ್ರವಿಸುವ ಟಿಎಸ್‌ಎಚ್, ಥೈರಾಯ್ಡ್ ಜೀವಕೋಶಗಳಿಗೆ ಬೆಳೆಯಲು ಪ್ರಚೋದನೆ ನೀಡುತ್ತದೆ. ಉಳಿದಿರಬಹುದಾದ ಕ್ಯಾನ್ಸರ್ ಕೋಶಗಳೂ ಅದಕ್ಕೆ ಓಗೊಡುತ್ತವೆ. ಲೆವೊಥೈರಾಕ್ಸಿನ್ ಮಾತ್ರೆ ದೇಹಕ್ಕೆ ಬೇಕಾದ ಹಾರ್ಮೋನನ್ನು ಒದಗಿಸುವುದರ ಜೊತೆಗೆ ಟಿಎಸ್‌ಎಚ್ ಅನ್ನೂ ತಗ್ಗಿಸುತ್ತದೆ. ಆದರೆ ಅತಿಯಾಗಿ ತಗ್ಗಿದರೆ ಎದೆಬಡಿತ ಏರುಪೇರಾಗಬಹುದು, ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ಸವೆಯಬಹುದು. ಆದ್ದರಿಂದ ಕ್ಯಾನ್ಸರ್ ಮರುಕಳಿಸುವ ಅಪಾಯ ಕಡಿಮೆಯಾದಂತೆ ವೈದ್ಯರು ಗುರಿಯನ್ನು ಸಡಿಲಿಸುತ್ತಾರೆ.

ಥೈರೊಗ್ಲೋಬುಲಿನ್ ರಕ್ತಪರೀಕ್ಷೆ, ಕತ್ತಿನ ಅಲ್ಟ್ರಾಸೌಂಡ್ ತಪ್ಪಿಸಬೇಡಿ. ಥೈರೊಗ್ಲೋಬುಲಿನ್ ಥೈರಾಯ್ಡ್ ಕೋಶಗಳಲ್ಲಿ ಮಾತ್ರ ತಯಾರಾಗುವ ಪ್ರೋಟೀನು. ಗ್ರಂಥಿ ಹೋದ ಮೇಲೆ ಅದು ಏರುತ್ತಾ ಹೋದರೆ ಎಚ್ಚರಿಕೆಯ ಸೂಚನೆ.

ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ಕೊಡಿ. ಕಾಫಿ, ತಿಂಡಿ ಅರ್ಧದಿಂದ ಒಂದು ಗಂಟೆ ಬಿಟ್ಟು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ 4 ಗಂಟೆ ಬಿಟ್ಟು. ಪ್ರಮಾಣ ಬದಲಾದರೆ 6ರಿಂದ 8 ವಾರಗಳ ನಂತರ ಮರುಪರೀಕ್ಷೆ ಮಾಡಿಸಿ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಲೇಬೇಡಿ.